ಏಪ್ರಿಲ್ 1, 2006: ಪಿಂಚಣಿಗೆ ಗೆರೆ ಎಳೆದ ತಾರೀಖು

ನಮ್ಮ ಹಳ್ಳಿಗಳಲ್ಲಿ ಇವತ್ತಿಗೂ ಒಂದು ನಂಬಿಕೆ ಇದೆ. ಸರ್ಕಾರಿ ಕೆಲಸ ಸಿಕ್ಕರೆ ಸಾಯೋ ತನಕ ಪೆನ್ಷನ್ ಗ್ಯಾರಂಟಿ. ಹೆಣ್ಣು ಕೊಡುವವರ ಲೆಕ್ಕಾಚಾರದಲ್ಲೂ ಇದು ಬರುತ್ತದೆ. ಆದರೆ ಒಂದೇ ಶಾಲೆಯಲ್ಲಿ, ಒಂದೇ ಹಾಜರಿ ಪುಸ್ತಕಕ್ಕೆ ಸಹಿ ಹಾಕುವ ಇಬ್ಬರು ಮೇಷ್ಟ್ರುಗಳ ಮುಪ್ಪು ಒಂದೇ ತರ ಇರುವುದಿಲ್ಲ. ಒಬ್ಬರು ಮಾರ್ಚ್ 2006ರಲ್ಲಿ ಕೆಲಸಕ್ಕೆ ಸೇರಿದರು, ಇನ್ನೊಬ್ಬರು ಏಪ್ರಿಲ್‌ನಲ್ಲಿ ಸೇರಿದರು ಎಂದುಕೊಳ್ಳಿ. ಪಾಠ ಒಂದೇ, ಸಂಬಳವೂ ಹೆಚ್ಚುಕಮ್ಮಿ ಒಂದೇ. ಪಿಂಚಣಿ ಮಾತ್ರ ಬೇರೆ.

ಈ ಗೆರೆ ಎಲ್ಲಿಂದ ಬಂತು, ಯಾಕೆ ಬಂತು ಎಂದು ತಿಳಿಯಲು ಸ್ವಲ್ಪ ಹಿಂದಕ್ಕೆ ಹೋಗೋಣ.

ದೊರೆಯ ಕೃಪೆಯಿಂದ ಹಕ್ಕಿನ ಕಡೆಗೆ

ಬ್ರಿಟಿಷರು 1871ರಲ್ಲಿ ಪಿಂಚಣಿ ಕಾಯ್ದೆ ತಂದರು. ಸರ್ಕಾರ ಕೊಡುವ ಪಿಂಚಣಿಯ ವಿಚಾರವಾಗಿ ಸಿವಿಲ್ ಕೋರ್ಟಿಗೆ ಹೋಗುವ ಬಾಗಿಲನ್ನು ಆ ಕಾಯ್ದೆ ಬಹುಮಟ್ಟಿಗೆ ಮುಚ್ಚಿತ್ತು. ಪಿಂಚಣಿ ಎಂದರೆ ದೊರೆ ಮೆಚ್ಚಿ ಕೊಟ್ಟದ್ದು, ಕೇಳಿ ಪಡೆಯುವಂಥದ್ದಲ್ಲ ಎಂಬ ಭಾವನೆ ಆಗಿನದು.

ಸ್ವಾತಂತ್ರ್ಯ ಬಂದ ಮೇಲೂ ಈ ಭಾವನೆ ಬೇಗ ಹೋಗಲಿಲ್ಲ. 1971ರಲ್ಲಿ ಬಿಹಾರದ ಶಿಕ್ಷಣ ಇಲಾಖೆಯ ಅಧಿಕಾರಿ ದೇವಕಿನಂದನ್ ಪ್ರಸಾದ್ ಅವರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟವಾಗಿ ಹೇಳಿತು: ಪಿಂಚಣಿ ಸರ್ಕಾರದ ದಾನವಲ್ಲ, ನೌಕರನ ಹಕ್ಕು.

ಇನ್ನೊಂದು ದೊಡ್ಡ ತೀರ್ಪು ಬಂದದ್ದು 1982ರ ಡಿಸೆಂಬರ್ 17ರಂದು. ಡಿ.ಎಸ್. ನಕಾರಾ ರಕ್ಷಣಾ ಇಲಾಖೆಯ ಹಣಕಾಸು ಸಲಹೆಗಾರರಾಗಿ 1972ರಲ್ಲಿ ನಿವೃತ್ತರಾದವರು. 1979ರಲ್ಲಿ ಕೇಂದ್ರ ಸರ್ಕಾರ ಪಿಂಚಣಿ ಲೆಕ್ಕ ಹಾಕುವ ಕ್ರಮವನ್ನು ಸುಧಾರಿಸಿತು. ಆದರೆ ಅದರ ಲಾಭ 1979ರ ಮಾರ್ಚ್ 31ರಂದು ಅಥವಾ ಆಮೇಲೆ ನಿವೃತ್ತರಾದವರಿಗೆ ಮಾತ್ರ ಎಂದಿತು. ಒಂದು ದಿನ ಮೊದಲು ನಿವೃತ್ತರಾದವರಿಗೂ ಹಳೆಯ ಲೆಕ್ಕವೇ. ಇದು ಸರಿಯಲ್ಲ ಎಂದು ನಕಾರಾ ಕೋರ್ಟಿಗೆ ಹೋದರು. ಐವರು ನ್ಯಾಯಮೂರ್ತಿಗಳ ಪೀಠ ಅವರ ಮಾತನ್ನು ಒಪ್ಪಿತು. ಒಂದೇ ಯೋಜನೆಯಡಿ ಪಿಂಚಣಿ ಪಡೆಯುವವರೆಲ್ಲ ಒಂದೇ ವರ್ಗ, ಬರೀ ತಾರೀಖು ಹಿಡಿದು ಅವರನ್ನು ಒಡೆಯಬಾರದು ಎಂದಿತು. ಡಿಸೆಂಬರ್ 17ನ್ನು ಪಿಂಚಣಿದಾರರ ದಿನವೆಂದು ಆಚರಿಸುವುದು ಇದೇ ಕಾರಣಕ್ಕೆ.

ಹೊಸ ಗೆರೆ

ಹಳೆಯ ಪಿಂಚಣಿಗೆ ನೌಕರರು ಕೈಯಿಂದ ಏನೂ ಕಟ್ಟುತ್ತಿರಲಿಲ್ಲ. ನಿವೃತ್ತರಿಗೆ ಕೊಡುವ ಹಣ ಆಯಾ ವರ್ಷದ ಸರ್ಕಾರಿ ಖಜಾನೆಯಿಂದಲೇ ಹೋಗುತ್ತಿತ್ತು. ಜನ ಹೆಚ್ಚು ವರ್ಷ ಬದುಕತೊಡಗಿದರು, ನಿವೃತ್ತರ ಸಂಖ್ಯೆಯೂ ಬೆಳೆಯಿತು, ಸಂಬಳ ಏರಿದಂತೆ ಪಿಂಚಣಿಯೂ ಏರಿತು. ಹೀಗೇ ಹೋದರೆ ರಸ್ತೆಗೆ, ಆಸ್ಪತ್ರೆಗೆ, ನೀರಾವರಿಗೆ ದುಡ್ಡು ಉಳಿಯುವುದಿಲ್ಲ ಎಂಬ ಆತಂಕ ಸರ್ಕಾರಗಳಿಗೆ ಶುರುವಾಯಿತು. ಈ ಆತಂಕ ಸುಳ್ಳೇನೂ ಅಲ್ಲ.

2001ರಲ್ಲಿ ಕೇಂದ್ರ ಸರ್ಕಾರ ಒಂದು ತಜ್ಞರ ತಂಡ ಮಾಡಿತು. ಅದರ ಅಧ್ಯಕ್ಷರು ಬಿ.ಕೆ. ಭಟ್ಟಾಚಾರ್ಯ, ನಮ್ಮ ಕರ್ನಾಟಕದಲ್ಲೇ ಮುಖ್ಯ ಕಾರ್ಯದರ್ಶಿ ಆಗಿದ್ದವರು. 2002ರಲ್ಲಿ ಆ ತಂಡ ಒಂದು ನಡುದಾರಿ ಸೂಚಿಸಿತು: ನೌಕರರೂ ವಂತಿಗೆ ಕಟ್ಟಲಿ, ಆದರೆ ಸರ್ಕಾರ ಖಾತ್ರಿ ಕೊಡುವ ಪಿಂಚಣಿಯೂ ಇರಲಿ.

ಕೇಂದ್ರ ಆ ದಾರಿ ಹಿಡಿಯಲಿಲ್ಲ. 2003ರ ಡಿಸೆಂಬರ್ 22ರಂದು ಅಧಿಸೂಚನೆ ಹೊರಡಿಸಿ, 2004ರ ಜನವರಿ 1ರಿಂದ ಸೇರುವವರಿಗೆ ಎನ್‌ಪಿಎಸ್ ಎಂದಿತು. ಸೇನಾಪಡೆಗಳನ್ನು ಮಾತ್ರ ಹೊರಗಿಟ್ಟಿತು. ರಾಜ್ಯಗಳೂ ಒಂದೊಂದಾಗಿ ಹಿಂಬಾಲಿಸಿದವು. ಕರ್ನಾಟಕದಲ್ಲಿ ಆ ತಾರೀಖು 2006ರ ಏಪ್ರಿಲ್ 1.

ನಕಾರಾ ತೀರ್ಪು ಇಲ್ಲಿ ಯಾಕೆ ನೆರವಿಗೆ ಬರಲಿಲ್ಲ ಎಂದು ನೀವು ಕೇಳಬಹುದು. ಅದು ಒಂದೇ ಯೋಜನೆಯೊಳಗಿನ ನಿವೃತ್ತರ ನಡುವಿನ ಭೇದದ ಬಗ್ಗೆ. ಇಲ್ಲಿ ಯೋಜನೆಯೇ ಬೇರೆ, ಕೆಲಸಕ್ಕೆ ಸೇರುವಾಗಿನ ಷರತ್ತೇ ಬೇರೆ. ಪಿಂಚಣಿ ಪಡೆಯುವವರೂ ಭವಿಷ್ಯ ನಿಧಿ ಆರಿಸಿಕೊಂಡವರೂ ಬೇರೆ ಬೇರೆ ವರ್ಗ ಎಂದು 1990ರಲ್ಲಿ ರೈಲ್ವೆ ನಿವೃತ್ತರ ಪ್ರಕರಣದಲ್ಲಿ ಸುಪ್ರೀಂ ಕೋರ್ಟೇ ಹೇಳಿತ್ತು.

ವ್ಯತ್ಯಾಸ ಎಷ್ಟು?

ಹಳೆಯ ಯೋಜನೆಯಲ್ಲಿ ಪೂರ್ಣ ಸೇವೆ ಮುಗಿಸಿದವರಿಗೆ ಕೊನೆಯ ಮೂಲವೇತನದ ಅರ್ಧ ಪಿಂಚಣಿ. ಅದರ ಮೇಲೆ ತುಟ್ಟಿಭತ್ಯೆ. ಬೆಲೆ ಏರಿದಂತೆ ಪಿಂಚಣಿಯೂ ಏರುತ್ತದೆ. ಅವರು ತೀರಿಕೊಂಡರೆ ಕುಟುಂಬ ಪಿಂಚಣಿ ಇದೆ. 7ನೇ ವೇತನ ಆಯೋಗದ ಶಿಫಾರಸಿನಂತೆ 2024ರ ಆಗಸ್ಟ್‌ನಿಂದ ರಾಜ್ಯದಲ್ಲಿ ಕನಿಷ್ಠ ಪಿಂಚಣಿಯೇ 13,500 ರೂಪಾಯಿ.

ಎನ್‌ಪಿಎಸ್‌ನಲ್ಲಿ ಪ್ರತಿ ತಿಂಗಳು ಮೂಲವೇತನ ಮತ್ತು ತುಟ್ಟಿಭತ್ಯೆಯ ಶೇ 10ನ್ನು ನೌಕರರ ಸಂಬಳದಿಂದ ಹಿಡಿಯುತ್ತಾರೆ. ಸರ್ಕಾರದ ಪಾಲು ಮೊದಲು ಶೇ 10 ಇತ್ತು, ಈಗ ಶೇ 14. ಈ ಹಣವನ್ನು ಸಾಲಪತ್ರ ಮತ್ತು ಷೇರುಗಳಲ್ಲಿ ತೊಡಗಿಸುತ್ತಾರೆ. ನಿವೃತ್ತರಾದಾಗ ಒಟ್ಟು ಗಂಟಿನಲ್ಲಿ ಶೇ 60ರವರೆಗೆ ಕೈಗೆ ತೆಗೆದುಕೊಳ್ಳಬಹುದು. ಕನಿಷ್ಠ ಶೇ 40ನ್ನು ವಿಮಾ ಕಂಪನಿಗೆ ಕೊಟ್ಟು ತಿಂಗಳ ಪಿಂಚಣಿ ಕೊಳ್ಳಬೇಕು.

ಒಂದು ಅಂದಾಜು ಲೆಕ್ಕ ಹಾಕೋಣ. ಇಬ್ಬರ ಕೊನೆಯ ಮೂಲವೇತನವೂ 60,000 ರೂಪಾಯಿ ಇರಲಿ. ಹಳೆಯ ಯೋಜನೆಯವರಿಗೆ ತಿಂಗಳಿಗೆ 30,000, ಜೊತೆಗೆ ತುಟ್ಟಿಭತ್ಯೆ. ಎನ್‌ಪಿಎಸ್‌ನವರ ಗಂಟು 40 ಲಕ್ಷ ಆಗಿದೆ ಎಂದಿಟ್ಟುಕೊಳ್ಳಿ. 24 ಲಕ್ಷ ಕೈಗೆ ಬರುತ್ತದೆ. ಉಳಿದ 16 ಲಕ್ಷಕ್ಕೆ ವರ್ಷಕ್ಕೆ ಶೇ 6ರಂತೆ ಸಿಕ್ಕರೆ 96,000, ಅಂದರೆ ತಿಂಗಳಿಗೆ 8,000. ಇದಕ್ಕೆ ತುಟ್ಟಿಭತ್ಯೆ ಇಲ್ಲ. ಇಂದಿನ 8,000 ಇಪ್ಪತ್ತು ವರ್ಷದ ನಂತರವೂ 8,000.

24 ಲಕ್ಷ ಸಣ್ಣ ಮೊತ್ತವಲ್ಲ, ನಿಜ. ಆದರೆ ಹಳ್ಳಿ ಮನೆಯಲ್ಲಿ ಆ ದುಡ್ಡಿಗೆ ಕಾದು ಕುಳಿತ ಖರ್ಚುಗಳು ನಿಮಗೆ ಗೊತ್ತು. ಮಗಳ ಮದುವೆ, ಮನೆ ಸಾಲ, ಕೊಳವೆಬಾವಿ. ಗಂಟು ಕರಗಿದ ಮೇಲೆ ಉಳಿಯುವುದು ತಿಂಗಳ 8,000 ಮಾತ್ರ.

ಗೆರೆ ಅಲುಗಾಡಿದೆ

2022ರಿಂದ ರಾಜಸ್ಥಾನ, ಛತ್ತೀಸಗಡ, ಜಾರ್ಖಂಡ್, ಪಂಜಾಬ್, ಹಿಮಾಚಲ ಪ್ರದೇಶಗಳು ಹಳೆಯ ಪಿಂಚಣಿಗೆ ಮರಳುವುದಾಗಿ ಹೇಳಿದವು. ಆದರೆ ಎನ್‌ಪಿಎಸ್‌ನಲ್ಲಿ ಕೂಡಿದ ಹಣವನ್ನು ರಾಜ್ಯಗಳಿಗೆ ವಾಪಸ್ ಕೊಡಲು ಕಾಯ್ದೆಯಲ್ಲಿ ಅವಕಾಶವಿಲ್ಲ ಎಂದು ಕೇಂದ್ರ ಹೇಳಿತು. ಕರ್ನಾಟಕದಲ್ಲಿ 2023ರ ಮಾರ್ಚ್ 1ರಂದು ನಡೆದ ಸರ್ಕಾರಿ ನೌಕರರ ಮುಷ್ಕರದಲ್ಲೂ ಹಳೆಯ ಪಿಂಚಣಿ ಮುಖ್ಯ ಬೇಡಿಕೆಯಾಗಿತ್ತು.

2024ರ ಜನವರಿಯಲ್ಲಿ ರಾಜ್ಯ ಸರ್ಕಾರ ಒಂದು ಆದೇಶ ಮಾಡಿತು. 2006ರ ಏಪ್ರಿಲ್ 1ಕ್ಕೆ ಮೊದಲೇ ನೇಮಕಾತಿ ಅಧಿಸೂಚನೆ ಹೊರಟಿದ್ದು, ಆಮೇಲೆ ಕೆಲಸಕ್ಕೆ ಸೇರಿದ ಸುಮಾರು 13 ಸಾವಿರ ನೌಕರರನ್ನು ಹಳೆಯ ಯೋಜನೆಗೆ ತರಲು ಒಪ್ಪಿತು. ನೇಮಕಾತಿ ತಡವಾದದ್ದು ಅವರ ತಪ್ಪಲ್ಲ ತಾನೇ?

2024ರ ಆಗಸ್ಟ್‌ನಲ್ಲಿ ಕೇಂದ್ರ ಸಂಪುಟ ಯುಪಿಎಸ್‌ಗೆ ಒಪ್ಪಿಗೆ ಕೊಟ್ಟಿತು. 2025ರ ಏಪ್ರಿಲ್ 1ರಿಂದ ಜಾರಿ. ಇಲ್ಲಿ ನೌಕರರೂ ಶೇ 10 ಕಟ್ಟುತ್ತಾರೆ. 25 ವರ್ಷ ಸೇವೆ ಮಾಡಿದವರಿಗೆ ಕೊನೆಯ 12 ತಿಂಗಳ ಸರಾಸರಿ ಮೂಲವೇತನದ ಅರ್ಧ ಖಾತ್ರಿ. 10 ವರ್ಷ ಮಾಡಿದವರಿಗೆ ಕನಿಷ್ಠ 10,000. ವಂತಿಗೆಯೂ ಇದೆ, ಖಾತ್ರಿಯೂ ಇದೆ. 2002ರಲ್ಲಿ ಭಟ್ಟಾಚಾರ್ಯರ ತಂಡ ಹೇಳಿದ ನಡುದಾರಿಯ ಹತ್ತಿರಕ್ಕೇ ಇಪ್ಪತ್ತೆರಡು ವರ್ಷ ಸುತ್ತಿ ಬಂದಂತಾಯಿತು. ಇದು ರಾಜ್ಯ ನೌಕರರಿಗೆ ತಾನಾಗಿ ಅನ್ವಯಿಸುವುದಿಲ್ಲ. ರಾಜ್ಯ ಸರ್ಕಾರವೇ ತೀರ್ಮಾನ ಮಾಡಬೇಕು.

ನಮಗೇನು?

ಹೊಲದಲ್ಲಿ ದುಡಿಯುವವರಿಗೆ ಯಾವ ಪಿಂಚಣಿ ಇದೆ, ಇವರಿಗ್ಯಾಕೆ ಎಂದು ಕೇಳುವವರಿದ್ದಾರೆ. ಆ ಪ್ರಶ್ನೆಗೆ ತೂಕವಿದೆ. ನಮ್ಮೂರ ಅಂಗನವಾಡಿ ಕಾರ್ಯಕರ್ತೆ, ಬಿಸಿಯೂಟದ ಅಕ್ಕ ಈ ಗೆರೆಯ ಯಾವ ಕಡೆಯೂ ಇಲ್ಲ. ಆದರೆ ಇಲ್ಲದವರಿಗೆ ಕೊಡಿ ಎನ್ನುವುದಕ್ಕೂ, ಇದ್ದವರಿಂದ ಕಿತ್ತುಕೊಳ್ಳಿ ಎನ್ನುವುದಕ್ಕೂ ವ್ಯತ್ಯಾಸವಿದೆ. ಮೇಷ್ಟ್ರು, ನರ್ಸಮ್ಮ, ಗ್ರಾಮ ಲೆಕ್ಕಿಗರ ಪಿಂಚಣಿ ಹಳ್ಳಿಯ ಅಂಗಡಿ, ಸಂತೆಗಳಲ್ಲೇ ಓಡಾಡುವ ದುಡ್ಡು.

ನಿಮ್ಮ ಮನೆಯಲ್ಲಿ ಸರ್ಕಾರಿ ನೌಕರರಿದ್ದರೆ ಇವತ್ತೇ ಮೂರು ವಿಷಯ ಕೇಳಿ. ಕೆಲಸಕ್ಕೆ ಸೇರಿದ ತಾರೀಖು ಮತ್ತು ನೇಮಕಾತಿ ಅಧಿಸೂಚನೆಯ ತಾರೀಖು ಯಾವುದು? ಎನ್‌ಪಿಎಸ್ ಖಾತೆಗೆ ಸರ್ಕಾರದ ಪಾಲು ಪ್ರತಿ ತಿಂಗಳು ಬಿದ್ದಿದೆಯೇ? ನಾಮಿನಿ ಹೆಸರು ಸರಿಯಿದೆಯೇ? ನೇಮಕಾತಿ ಅಧಿಸೂಚನೆಯ ಆ ಒಂದು ತಾರೀಖಿನಿಂದಲೇ 13 ಸಾವಿರ ಮನೆಗಳ ಲೆಕ್ಕ ಬದಲಾಯಿತು. ಕಾಗದ ಜೋಪಾನ.