ದಡಕ್ಕೆ ನೂರೇ ಜನ: ಧ್ರುವಪ್ರದೇಶದ ಪಾಳು ಗಣಿಯೂರುಗಳು ಮತ್ತು ಊರಿಗಾಂ

ಧ್ರುವಪ್ರದೇಶಕ್ಕೆ ಹೋಗುವ ಚಿಕ್ಕ ಪ್ರವಾಸಿ ಹಡಗುಗಳ ಕುರಿತ ಬರಹಗಳಲ್ಲಿ ಪೆಂಗ್ವಿನ್, ಹಿಮಕರಡಿ, ನೀರ್ಗಲ್ಲುಗಳ ವರ್ಣನೆಗೆ ಬರವಿಲ್ಲ. ಆದರೆ ಆ ಹಡಗುಗಳು ಲಂಗರು ಹಾಕುವ ಜಾಗಗಳನ್ನು ಒಂದೊಂದಾಗಿ ನೋಡುತ್ತ ಹೋದರೆ ಬೇರೊಂದು ಸಂಗತಿ ಎದ್ದು ಕಾಣುತ್ತದೆ. ಅವುಗಳಲ್ಲಿ ಹಲವು, ಕೆಲಸ ನಿಂತುಹೋದ ಕೈಗಾರಿಕಾ ಊರುಗಳು. ಉತ್ತರದ ಸ್ವಾಲ್ಬಾರ್ಡ್ ದ್ವೀಪಗಳ ಪಿರಮಿಡೆನ್ ಮತ್ತು ನೈ-ಅಲೆಸುಂಡ್ ಕಲ್ಲಿದ್ದಲಿಗಾಗಿ ಹುಟ್ಟಿದ ಊರುಗಳು. ದಕ್ಷಿಣ ಜಾರ್ಜಿಯಾದ ಗ್ರಿಟ್ವಿಕೆನ್, ಡಿಸೆಪ್ಷನ್ ದ್ವೀಪದ ವೇಲರ್ಸ್ ಬೇ ತಿಮಿಂಗಿಲದ ಎಣ್ಣೆಗಾಗಿ ಹುಟ್ಟಿದವು. ಪಾಳು ಕಾರ್ಖಾನೆಯನ್ನು ಜನರಿಗೆ ಹೇಗೆ ತೋರಿಸಬೇಕು ಎಂಬ ವಿಷಯದಲ್ಲಿ ಈ ಹಡಗುಗಳ ಸುತ್ತ ಬೆಳೆದ ಕಟ್ಟಳೆ, ಕೋಲಾರ ಚಿನ್ನದ ಗಣಿ ಪ್ರದೇಶದ ಊರಿಗಾಂಗೆ ನೇರವಾಗಿ ಸಂಬಂಧಪಟ್ಟದ್ದು ಎಂಬುದು ನನ್ನ ವಾದ. ಅದರ ಅರ್ಧ ಭಾಗ ಇಲ್ಲಿಗೆ ಒಗ್ಗುತ್ತದೆ, ಇನ್ನರ್ಧ ಒಗ್ಗುವುದಿಲ್ಲ. ಒಗ್ಗದ ಅರ್ಧವೇ ಹೆಚ್ಚು ಯೋಚಿಸಬೇಕಾದದ್ದು.

ಮೊದಲು ಕಟ್ಟಳೆಯ ಕಥೆ. ಲಾರ್ಸ್-ಎರಿಕ್ ಲಿಂಡ್‌ಬ್ಲಾಡ್ 1966ರಲ್ಲಿ ಬಾಡಿಗೆ ಹಡಗಿನಲ್ಲಿ ಪ್ರವಾಸಿಗಳನ್ನು ಅಂಟಾರ್ಕ್ಟಿಕಕ್ಕೆ ಕರೆದೊಯ್ದರು. 1969ರಲ್ಲಿ ಇದಕ್ಕೆಂದೇ ಕಟ್ಟಿಸಿದ 'ಲಿಂಡ್‌ಬ್ಲಾಡ್ ಎಕ್ಸ್‌ಪ್ಲೋರರ್' ನೀರಿಗಿಳಿಯಿತು. (ಅದೇ ಹಡಗು 2007ರ ನವೆಂಬರ್ 23ರಂದು ದಕ್ಷಿಣ ಶೆಟ್‌ಲ್ಯಾಂಡ್ ದ್ವೀಪಗಳ ಬಳಿ ಮುಳುಗಿತು, ಅದರಲ್ಲಿದ್ದವರೆಲ್ಲರೂ ಬದುಕಿ ಬಂದರು.) 1991ರಲ್ಲಿ ಏಳು ಪ್ರವಾಸ ಸಂಸ್ಥೆಗಳು ಸೇರಿ ಐಎಎಟಿಒ ಎಂಬ ಸಂಘ ಕಟ್ಟಿಕೊಂಡವು. ಅದರ ಕಟ್ಟಳೆ ಇದು: ಐನೂರಕ್ಕಿಂತ ಹೆಚ್ಚು ಪ್ರಯಾಣಿಕರಿರುವ ಹಡಗು ಯಾರನ್ನೂ ದಡಕ್ಕೆ ಇಳಿಸಬಾರದು. ಒಂದು ಜಾಗದಲ್ಲಿ ಒಂದು ಹೊತ್ತಿಗೆ ನೂರಕ್ಕಿಂತ ಹೆಚ್ಚು ಜನ ನಿಲ್ಲಬಾರದು. ಇಪ್ಪತ್ತು ಜನಕ್ಕೆ ಒಬ್ಬ ಮಾರ್ಗದರ್ಶಿ ಇರಬೇಕು. ಅಂಟಾರ್ಕ್ಟಿಕ ಒಪ್ಪಂದದ ದೇಶಗಳು 2009ರಲ್ಲಿ ಈ ಮಿತಿಗಳನ್ನು ತಾವೂ ಅಂಗೀಕರಿಸಿದವು. ಚಿಕ್ಕ ಹಡಗಿಗೆ ಬೇಡಿಕೆ ಬಂದದ್ದು ಬಹುಮಟ್ಟಿಗೆ ಇದರಿಂದಲೇ: ದೊಡ್ಡ ಹಡಗಿನವರು ದೂರದಿಂದ ನೋಡಿ ಹಿಂತಿರುಗಬೇಕು, ಚಿಕ್ಕದರಲ್ಲಿ ಹೋದವರು ನೆಲ ತುಳಿಯಬಹುದು.

ಇಳಿಯುವ ಕ್ರಮವನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಪ್ರವಾಸಿಯ ಜೇಬು, ಚೀಲದ ಮೂಲೆ, ಬಟ್ಟೆಯ ಅಂಟುಪಟ್ಟಿಗಳಿಂದ ಹುಲ್ಲಿನ ಬೀಜ ತೆಗೆಯಲು ನಿರ್ವಾತ ಯಂತ್ರ ಆಡಿಸುತ್ತಾರೆ. ಏಣಿಯ ಬಳಿ ಬ್ರಷ್ಷು, ಸೋಂಕುನಾಶಕದ ತಟ್ಟೆ. ಬೂಟನ್ನು ಹೋಗುವಾಗಲೂ ಬರುವಾಗಲೂ ತೊಳೆಯಬೇಕು. ಹತ್ತಾರು ಜನರಂತೆ ರಬ್ಬರ್ ದೋಣಿಗಳಲ್ಲಿ ದಡ ಸೇರುತ್ತಾರೆ. ಇಳಿದವರೆಷ್ಟು, ಮರಳಿ ಹತ್ತಿದವರೆಷ್ಟು ಎಂಬ ಲೆಕ್ಕ ತಾಳೆಯಾಗದೆ ಹಡಗು ಕದಲುವುದಿಲ್ಲ. ಗಣಿಯೂರಿನವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಶಿಫ್ಟಿಗೆ ಇಳಿದವರು ಪೂರ್ತಿ ಮೇಲೆ ಬಂದರೇ ಎಂದು ಎಣಿಸುವುದು ಗಣಿಗಾರಿಕೆಯ ಮೊದಲ ಶಿಸ್ತು.

ಪಾಳು ಕಟ್ಟಡಗಳ ವಿಷಯದಲ್ಲಿ ಈ ಶಿಸ್ತು ಇನ್ನೂ ಬಿಗಿ. ವೇಲರ್ಸ್ ಬೇಯಲ್ಲಿ 1931ರವರೆಗೆ ದುಡಿದ ಬಾಯ್ಲರ್, ತೊಟ್ಟಿಗಳು ತುಕ್ಕು ಹಿಡಿದು ನಿಂತಿವೆ. ಅಂಟಾರ್ಕ್ಟಿಕ ಒಪ್ಪಂದದ ಐತಿಹಾಸಿಕ ತಾಣಗಳ ಪಟ್ಟಿಯಲ್ಲಿ ಆ ಜಾಗಕ್ಕೆ 71ನೇ ಸಂಖ್ಯೆ ಇದೆ. ಯಾರೂ ಕಟ್ಟಡದೊಳಗೆ ಕಾಲಿಡುವಂತಿಲ್ಲ, ಒಂದು ಮೊಳೆಯನ್ನೂ ಎತ್ತಿಕೊಳ್ಳುವಂತಿಲ್ಲ. ದಕ್ಷಿಣ ಜಾರ್ಜಿಯಾದ ಲೀತ್, ಸ್ಟ್ರೋಮ್ನೆಸ್, ಹಸ್ವಿಕ್ ಎಂಬ ಮೂರು ನೆಲೆಗಳಲ್ಲಿ ಕಲ್ನಾರು ಮತ್ತು ಗಾಳಿಗೆ ಹಾರುವ ತಗಡಿನ ಭಯವಿರುವುದರಿಂದ ಇನ್ನೂರು ಮೀಟರಿನೊಳಗೆ ಪ್ರವೇಶವೇ ಇಲ್ಲ. ಗ್ರಿಟ್ವಿಕೆನ್‌ನಲ್ಲಿ ಮಾತ್ರ ಪ್ರವಾಸಿಗಳು ಯಂತ್ರಗಳ ನಡುವೆ ಓಡಾಡಬಹುದು. ಅಲ್ಲಿನ ಆಡಳಿತ ಮೊದಲು ಕಲ್ನಾರು, ಉಳಿದ ಎಣ್ಣೆಯನ್ನು ತೆಗೆಸಿ, ಆಮೇಲೆ ಬಾಗಿಲು ತೆರೆಯಿತು. ಸ್ವಾಲ್ಬಾರ್ಡ್‌ನಲ್ಲಿ 1945ರ ಅಥವಾ ಅದಕ್ಕೂ ಹಿಂದಿನ ಯಾವ ಮಾನವ ಕುರುಹಾದರೂ, ಮುರಿದ ಗಾಡಿಯ ಚಕ್ರವೇ ಆಗಲಿ, ತಾನಾಗಿಯೇ ಕಾನೂನಿನ ರಕ್ಷಣೆಗೆ ಬರುತ್ತದೆ. ಅಲ್ಲಿನ ಸಂರಕ್ಷಿತ ಪ್ರದೇಶಗಳಿಗೆ 2025ರ ಜನವರಿ 1ರಿಂದ ಇನ್ನೂರಕ್ಕಿಂತ ಹೆಚ್ಚು ಪ್ರಯಾಣಿಕರ ಹಡಗು ಹೋಗುವಂತಿಲ್ಲ, ಗೊತ್ತುಪಡಿಸಿದ ತಾಣಗಳಲ್ಲಲ್ಲದೆ ಇಳಿಯುವಂತೆಯೂ ಇಲ್ಲ.

ಊರಿಗಾಂಗೆ ಹೆಚ್ಚು ಹತ್ತಿರದ ಹೋಲಿಕೆ ನೈ-ಅಲೆಸುಂಡ್. 1962ರ ನವೆಂಬರ್ 5ರಂದು ಅಲ್ಲಿನ ಗಣಿಯಲ್ಲಿ ಸ್ಫೋಟವಾಗಿ 21 ಜನ ಸತ್ತರು. ಮರುವರ್ಷ ಗಣಿ ಮುಚ್ಚಿತು, ಊರು ವಿಜ್ಞಾನಿಗಳ ಪಾಲಾಯಿತು. ಭಾರತದ 'ಹಿಮಾದ್ರಿ' ಕೇಂದ್ರ 2008ರಿಂದ ಅಲ್ಲಿಯೇ ಇದೆ. ದಡಕ್ಕಿಳಿದ ಪ್ರವಾಸಿಗಳು ರಸ್ತೆ ಬಿಟ್ಟು ಕದಲಬಾರದು; ಮೊಬೈಲಿನ ವೈಫೈ, ಬ್ಲೂಟೂತ್‌ಗಳನ್ನು ಆರಿಸಿಡಬೇಕು, ಇಲ್ಲವಾದರೆ ಅಲ್ಲಿನ ಸೂಕ್ಷ್ಮ ಉಪಕರಣಗಳಿಗೆ ಅಡ್ಡಿ. ಕಲ್ಲಿದ್ದಲು ಎಳೆಯುತ್ತಿದ್ದ ಪುಟ್ಟ ರೈಲು ಈಗ ಪ್ರದರ್ಶನದ ವಸ್ತು.

ಅಲ್ಲಿ ಗಣಿಯ ನಂತರ ವಿಜ್ಞಾನ ಬಂದರೆ, ಕೋಲಾರ ಚಿನ್ನದ ಗಣಿಯಲ್ಲಿ ಗಣಿಗಾರಿಕೆ ಮತ್ತು ವಿಜ್ಞಾನ ಒಟ್ಟಿಗೇ ನಡೆದವು. ನಂಜನಗೂಡಿನ ಭೌತವಿಜ್ಞಾನಿ ಬಿ.ವಿ. ಶ್ರೀಕಂಠನ್ 1950ರ ದಶಕದ ಆರಂಭದಲ್ಲೇ ಉಪಕರಣಗಳನ್ನು ಹೊತ್ತು ಇಲ್ಲಿನ ಆಳಗಳಿಗೆ ಇಳಿದಿದ್ದರು. 1965ರಲ್ಲಿ ಚಾಂಪಿಯನ್ ರೀಫ್‌ನ ಹೀತ್‌ಕೋಟ್ ಶಾಫ್ಟ್ ಕಡೆ, ಸುಮಾರು 2.3 ಕಿಲೋಮೀಟರ್ ಕೆಳಗೆ, ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ, ಒಸಾಕಾ ಮತ್ತು ಡರ್ಹಮ್‌ಗಳ ತಂಡ ವಾಯುಮಂಡಲದ ನ್ಯೂಟ್ರಿನೊಗಳ ಸುಳಿವು ಹಿಡಿಯಿತು. ಇಂದು ಅದೇ ಕಣಗಳ ಬೇಟೆಗೆ ದಕ್ಷಿಣ ಧ್ರುವದ ಹಿಮದಲ್ಲಿ ಐಸ್‌ಕ್ಯೂಬ್ ಉಪಕರಣಗಳನ್ನು 1,450ರಿಂದ 2,450 ಮೀಟರ್ ಆಳದಲ್ಲಿ ಹೂಳಲಾಗಿದೆ. ಹೆಚ್ಚುಕಡಿಮೆ ನಮ್ಮ ಗಣಿಯ ಆ ಪ್ರಯೋಗ ನಡೆದಷ್ಟೇ ಆಳ! 2001ರ ಫೆಬ್ರುವರಿ 28ರಂದು ಗಣಿ ಮುಚ್ಚಿದ ಮೇಲೆ ನೀರೆತ್ತುವುದು ನಿಂತು ಆ ಸುರಂಗಗಳು ಮುಳುಗಿದವು. ಹಾಗಾಗಿ ಊರಿಗಾಂಗೆ ಬರುವ ಪ್ರವಾಸಿಗೆ ನೆಲದಡಿಯ ಗಣಿ ಸಿಗುವುದಿಲ್ಲ. ಅವನಿಗೆ ಸಿಗುವುದು ಮೇಲ್ಮೈ ಮಾತ್ರ: ಶಾಫ್ಟಿನ ಉಕ್ಕಿನ ಗೋಪುರಗಳು, ಮಿಲ್ಲಿನ ಗೋಡೆಗಳು, ಸಾಲು ಮನೆಗಳು, ಮತ್ತು ಸೈನೈಡ್ ಗುಡ್ಡಗಳು.

ಈ ಗುಡ್ಡಗಳ ಮುಂದೆ ನಿಂತಾಗ ಧ್ರುವದ ಕಟ್ಟಳೆ ಎಷ್ಟು ಬೇಕಾದದ್ದು ಎಂಬುದು ತಿಳಿಯುತ್ತದೆ. ಅದಿರನ್ನು ಹಿಟ್ಟು ಮಾಡಿ, ಸೈನೈಡ್ ದ್ರಾವಣದಿಂದ ಚಿನ್ನ ಬಿಡಿಸಿಕೊಂಡ ಮೇಲೆ ಉಳಿದ ಪುಡಿ ಹದಿಮೂರು ದಿಬ್ಬಗಳಾಗಿ ಬಿದ್ದಿದೆ. ಗಾಳಿ ಎದ್ದ ದಿನ ಆ ಸಿಲಿಕಾ ಧೂಳು ಮನೆಯ ನೀರಿನ ಬಿಂದಿಗೆಯ ಮೇಲೂ ಕೂರುತ್ತದೆ. 2018ರಲ್ಲಿ 'ಕೆ.ಜಿ.ಎಫ್' ಚಿತ್ರ ಬಂದ ಮೇಲೆ ಗುಡ್ಡ ಹತ್ತಿ ಫೋಟೊ ತೆಗೆಸಿಕೊಳ್ಳುವವರು ಹೆಚ್ಚಾದರು. ಗ್ರಿಟ್ವಿಕೆನ್‌ನಲ್ಲಿ ಶುಚಿ ಮೊದಲು, ಜನ ಆಮೇಲೆ. ಇಲ್ಲಿ ಜನ ಮೊದಲೇ ಬಂದಾಯಿತು. ಎಲ್ಲಿ ನಡೆಯಬಹುದು, ಯಾವ ಶಾಫ್ಟಿನಿಂದ ಎಷ್ಟು ದೂರ ನಿಲ್ಲಬೇಕು, ಬೂಟಿಗೆ ಹತ್ತಿದ ಧೂಳನ್ನು ಎಲ್ಲಿ ತೊಳೆಯಬೇಕು ಎಂಬ ಮೂರು ಮಾತು ಗೊತ್ತುಪಡಿಸುವುದಕ್ಕೆ ಕೋಟಿಗಟ್ಟಲೆ ಹಣ ಬೇಡ.

ಒಗ್ಗದ ಅರ್ಧ ಇಲ್ಲಿಂದ ಶುರು. ಪಿರಮಿಡೆನ್‌ನಲ್ಲಿ 1998ರಲ್ಲಿ ಗಣಿ ನಿಂತಿತು, ಜನ ಹೊರಟುಹೋದರು. ಅಲ್ಲಿನ ನಿಯಮಗಳೆಲ್ಲ ಪ್ರವಾಸಿ ಮತ್ತು ನಿರ್ಜನ ಕಟ್ಟಡದ ನಡುವಿನವು. ಊರಿಗಾಂನಲ್ಲಿ ಗಣಿ ಹೋಯಿತು, ಊರು ಹೋಗಲಿಲ್ಲ. ಉತ್ತರ ಆರ್ಕಾಟಿನಿಂದ ಬಂದ ತಮಿಳು ದಲಿತ ಕುಟುಂಬಗಳ ಮೂರನೆಯ, ನಾಲ್ಕನೆಯ ತಲೆಮಾರು, ತೆಲುಗರು, ಕನ್ನಡಿಗರು ಅದೇ ಸಾಲು ಮನೆಗಳಲ್ಲಿ ಒಲೆ ಹಚ್ಚುತ್ತಿದ್ದಾರೆ. ಬೆಳಗಿನ ಮಾರಿಕುಪ್ಪಂ ರೈಲು ಊರಿಗಾಂ ನಿಲ್ದಾಣದಿಂದ ಬಂಗಾರಪೇಟೆ ಹಾಯ್ದು ಸಾವಿರಾರು ಜನರನ್ನು ಬೆಂಗಳೂರಿನ ಕೆಲಸಕ್ಕೆ ಒಯ್ಯುತ್ತದೆ. 1894ರ ಆ ಹಳಿಯೇ ಇವರ ಈಗಿನ ಅನ್ನದ ದಾರಿ. ಪೆಂಗ್ವಿನ್‌ನಿಂದ ಐದು ಮೀಟರ್ ದೂರ ನಿಲ್ಲಿ ಎನ್ನುವ ನಿಯಮವನ್ನು ಮನೆ ಬಾಗಿಲಲ್ಲಿ ಕೂತ ನಿವೃತ್ತ ಗಣಿ ಕಾರ್ಮಿಕರಿಗೆ ಅನ್ವಯಿಸಿದರೆ ಅದು ಅವಮಾನ. 'ಮಿನಿ ಇಂಗ್ಲೆಂಡ್' ಎಂದು ಬಂಗಲೆಗಳನ್ನಷ್ಟೇ ತೋರಿಸಿ ಸಾಲು ಮನೆಗಳನ್ನು ಮರೆಮಾಡುವ ಪ್ರವಾಸವೂ ಅವಮಾನವೇ. ಅಂಥ ಪ್ರವಾಸ ಬಾರದಿರುವುದೇ ವಾಸಿ. ಧ್ರುವದ ಹಡಗಿನಲ್ಲಿ ಮಾರ್ಗದರ್ಶಿ ಹೊರಗಿನಿಂದ ಬರುವ ತಜ್ಞ. ಇಲ್ಲಿ ಆ ಕೆಲಸ, ಅದರ ಸಂಬಳ ಸಹಿತ, ಏರ್ ಬ್ಲಾಸ್ಟ್ (ಒತ್ತಡಕ್ಕೆ ಆಳದ ಬಂಡೆ ಸಿಡಿಯುವುದು) ಎಂದರೇನೆಂದು ಮೈಮೇಲೆ ತಿಳಿದವರಿಗೆ ಸೇರಬೇಕು. ಗಣಿ ಮುಚ್ಚಿದಾಗ ಮೂವತ್ತರ ಆಸುಪಾಸಿನಲ್ಲಿದ್ದವರಿಗೆ ಈಗ ಐವತ್ತು ದಾಟಿದೆ.

ಅಂಟಾರ್ಕ್ಟಿಕದ ಪ್ರವಾಸಿಗಳ ಸಂಖ್ಯೆ 2023–24ರ ಋತುವಿನಲ್ಲಿ ಒಂದು ಲಕ್ಷ ಇಪ್ಪತ್ತು ಸಾವಿರ ದಾಟಿತು. 2024ರ ಮೇ ತಿಂಗಳಲ್ಲಿ ಭಾರತ ಕೊಚ್ಚಿಯಲ್ಲಿ ನಡೆಸಿಕೊಟ್ಟ ಒಪ್ಪಂದ ದೇಶಗಳ ಸಭೆ, ಪ್ರವಾಸಕ್ಕೊಂದು ಸಮಗ್ರ ಚೌಕಟ್ಟು ರೂಪಿಸುವ ಕೆಲಸಕ್ಕೆ ಕೈಹಾಕಿತು. ಮರು ತಿಂಗಳೇ ಕರ್ನಾಟಕ ಸರ್ಕಾರ ಹದಿಮೂರು ದಿಬ್ಬಗಳಿಂದ ಮತ್ತೆ ಚಿನ್ನ ತೆಗೆಯುವ ಕೇಂದ್ರದ ಪ್ರಸ್ತಾವಕ್ಕೆ ಒಪ್ಪಿಗೆ ಕೊಟ್ಟಿತು. ದಿಬ್ಬಗಳು ಕರಗಿದರೆ ಧೂಳು ಕಡಿಮೆಯಾದೀತು. ಅದನ್ನು ನಾನು ವಿರೋಧಿಸಲಾರೆ. ಆದರೆ ಯಂತ್ರಗಳು ಬರುವ ಮೊದಲು ಊರಿಗಾಂ, ಚಾಂಪಿಯನ್ ರೀಫ್, ನಂದಿದುರ್ಗ, ಮೈಸೂರು ಗಣಿಗಳ ಯಾವ ಗೋಪುರ, ಯಾವ ಮಿಲ್ಲು, ಯಾವ ಸಾಲು ಮನೆ ಉಳಿಯಬೇಕು ಎಂಬುದನ್ನು ಸಂಖ್ಯೆ ಹಾಕಿ ಪಟ್ಟಿ ಮಾಡಬೇಕು. ಆ ಪಟ್ಟಿ ತಯಾರಿಸುವ ಸಮಿತಿಯಲ್ಲಿ ಪುರಾತತ್ತ್ವ ಇಲಾಖೆಯವರ ಜೊತೆ ಶಾಫ್ಟಿಗೆ ಇಳಿದು ಬಂದವರೂ ಕೂರಬೇಕು.