ಹುಳಿನೀರಿನ ಕಡತಗಳು

2014ರ ಏಪ್ರಿಲ್ 17ರಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಮೇಘಾಲಯದ ‘ಇಲಿಬಿಲ’ (ಇಕ್ಕಟ್ಟಾದ ಸುರಂಗದ) ಕಲ್ಲಿದ್ದಲು ಗಣಿಗಳನ್ನು ನಿಲ್ಲಿಸಿತು. ಆ ಪ್ರಕರಣದ ಕಾಗದಗಳನ್ನು ಓದುವಾಗ ನನ್ನ ಕಣ್ಣು ನಿಂತದ್ದು ಅರ್ಜಿದಾರರ ಹೆಸರಿನ ಮೇಲೆ. ಆ ವರ್ಷದ 73ನೇ ಅರ್ಜಿ ಅದು. ಹಾಕಿದವರು ಅಖಿಲ ದಿಮಾಸಾ ವಿದ್ಯಾರ್ಥಿ ಸಂಘದ ದಿಮಾ ಹಸಾವೊ ಜಿಲ್ಲಾ ಸಮಿತಿ. ದಿಮಾ ಹಸಾವೊ ಇರುವುದು ಮೇಘಾಲಯದಲ್ಲಲ್ಲ, ಪಕ್ಕದ ಅಸ್ಸಾಮಿನಲ್ಲಿ. ಮೇಘಾಲಯದ ಜೈಂತಿಯಾ ಬೆಟ್ಟದಲ್ಲಿ ಅಗೆದವರು ಒಬ್ಬರು, ಕೆಳಗೆ ಗಣಿಯ ಆಮ್ಲ ಬೆರೆತ ಕೋಪಿಲಿ ನದಿಯ ಹುಳಿನೀರು ಉಂಡವರು ಇನ್ನೊಬ್ಬರು. ನೀಪ್ಕೊ ಸಂಸ್ಥೆಯ ಕೋಪಿಲಿ ಜಲವಿದ್ಯುತ್ ಕೇಂದ್ರದ ಟರ್ಬೈನು, ಕೊಳವೆಗಳನ್ನೂ ಆ ನೀರು ತಿಂದಿತ್ತು.

ಗಣಿಯಿಂದ ಆಮ್ಲ ಇಳಿಯುತ್ತದೆ ಎಂಬುದು ಜಗತ್ತಿಗೆ ಎಂದಿನಿಂದ ಗೊತ್ತು? ಗೊತ್ತಿದ್ದವರು ಅದನ್ನು ಗಡಿಯಾಚೆಯವರ ಜೊತೆ ಯಾವಾಗ ಹಂಚಿಕೊಂಡರು? ಈ ಎರಡು ಪ್ರಶ್ನೆ ಹಿಡಿದು ನಾನು ಹಿಂದಿನ ದಾಖಲೆಗಳತ್ತ ಹೊರಟೆ.

ಬಹಳ ಹಿಂದಕ್ಕೆ ಹೋದರೆ ಸಿಗುವುದು 1556ರಲ್ಲಿ ಬಾಸೆಲ್‌ನಲ್ಲಿ ಅಚ್ಚಾದ ಅಗ್ರಿಕೋಲನ ಗಣಿಗಾರಿಕೆಯ ಗ್ರಂಥ ‘ಡಿ ರೆ ಮೆಟಾಲಿಕಾ’. ಅದಿರು ತೊಳೆದ ನೀರು ಹಳ್ಳಕೊಳ್ಳ ಸೇರಿ ಮೀನು ಸಾಯುತ್ತವೆ ಎಂಬ ದೂರನ್ನು ಅವನು ಗಣಿಯ ವಿರೋಧಿಗಳ ಬಾಯಲ್ಲಿ ಹೇಳಿಸುತ್ತಾನೆ, ಆಮೇಲೆ ಗಣಿಯ ಪರ ನಿಂತು ವಾದಿಸುತ್ತಾನೆ. ಅಲ್ಲಿರುವುದು ತೊಳೆದ ನೀರಿನ ಮಾತು, ಆಮ್ಲದ ಮಾತಲ್ಲ. ಎರಡನ್ನೂ ಒಂದು ಮಾಡುವುದು ತಪ್ಪು. ಆದರೆ ಕೆಳದಂಡೆಯವರ ದೂರು ಮತ್ತು ಗಣಿಯವರ ಉತ್ತರ, ಎರಡೂ ಆಗಲೇ ಪುಸ್ತಕ ಸೇರಿದ್ದವು.

ಆಮ್ಲದ ಗುಟ್ಟು ಬಿಚ್ಚಿಕೊಳ್ಳುವುದು 1947ರಲ್ಲಿ, ಅಮೆರಿಕದ ವೆಸ್ಟ್ ವರ್ಜೀನಿಯಾದ ಕಲ್ಲಿದ್ದಲು ಸೀಮೆಯಲ್ಲಿ. ಕಲ್ಲಿದ್ದಲಿನಲ್ಲೂ ಬಹಳಷ್ಟು ಲೋಹದ ಅದಿರುಗಳಲ್ಲೂ ಪೈರೈಟ್ ಎಂಬ ಖನಿಜವಿರುತ್ತದೆ. ಕಬ್ಬಿಣ ಮತ್ತು ಗಂಧಕ ಬೆರೆತ, ಚಿನ್ನದಂತೆ ಹೊಳೆಯುವ ಕಲ್ಲು. ನೆಲದಡಿ ಇರುವವರೆಗೆ ಅದು ಯಾರ ತಂಟೆಗೂ ಬಾರದು. ಅಗೆದು ತಂದು ಗಾಳಿ ಮತ್ತು ನೀರಿಗೆ ಒಡ್ಡಿದರೆ ಗಂಧಕಾಮ್ಲ ಹುಟ್ಟುತ್ತದೆ. ಆ ಆಮ್ಲ ಅಕ್ಕಪಕ್ಕದ ಬಂಡೆಯಿಂದ ತಾಮ್ರ, ಸತು, ಅಲ್ಯೂಮಿನಿಯಂ ಕರಗಿಸಿಕೊಂಡು ಹೊಳೆಗೆ ಇಳಿಯುತ್ತದೆ. ಇದು ಬರೀ ರಸಾಯನ ಕ್ರಿಯೆ ಎಂದುಕೊಂಡಿದ್ದವರಿಗೆ ಕೋಲ್ಮರ್ ಮತ್ತು ಹಿಂಕಲ್ ಎಂಬ ಸಂಶೋಧಕರು ‘ಸೈನ್ಸ್’ ಪತ್ರಿಕೆಯ ಪುಟ್ಟ ಪ್ರಬಂಧವೊಂದರಲ್ಲಿ ಬೇರೆಯದೇ ತೋರಿಸಿದರು: ಗಣಿನೀರಿನಲ್ಲಿ ಕಬ್ಬಿಣವನ್ನು ಉತ್ಕರ್ಷಿಸುವ ಬ್ಯಾಕ್ಟೀರಿಯಾ ಇದೆ, ಅದನ್ನು ತೆಗೆದರೆ ಕ್ರಿಯೆ ಬಹುಮಟ್ಟಿಗೆ ನಿಂತುಹೋಗುತ್ತದೆ. 1970ರಲ್ಲಿ ಸಿಂಗರ್ ಮತ್ತು ಸ್ಟಮ್ ಎಂಬ ವಿಜ್ಞಾನಿಗಳು ಅದರ ವೇಗದ ಲೆಕ್ಕ ಹಾಕಿದರು. ಹುಳಿನೀರಿನಲ್ಲಿ ಗಾಳಿಯೊಂದೇ ಮಾಡುವ ಕೆಲಸವನ್ನು ಈ ಜೀವಿಗಳು ಸುಮಾರು ಹತ್ತು ಲಕ್ಷ ಪಟ್ಟು ಬೇಗ ಮಾಡುತ್ತವೆ.

1978ರ ಹೊತ್ತಿಗೆ ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಒಂದು ಕೈಪಿಡಿಯನ್ನೇ ಹೊರತಂದಿತ್ತು. ಕಲ್ಲಿನ ಮಾದರಿ ತಂದು ಅದರಲ್ಲಿ ಆಮ್ಲ ಹುಟ್ಟಿಸುವ ಗಂಧಕ ಎಷ್ಟು, ಆಮ್ಲ ಅಡಗಿಸುವ ಸುಣ್ಣದಂಶ ಎಷ್ಟು ಎಂದು ಅಳೆದು ತಾಳೆ ನೋಡುವ ವಿಧಾನ ಅದರಲ್ಲಿದೆ. ನನ್ನ ಹುಡುಕಾಟದಲ್ಲಿ ಅತಿ ಮುಖ್ಯವೆನಿಸಿದ ದಾಖಲೆ ಇದು. ಅಗೆಯುವ ಮೊದಲೇ ಆಮ್ಲ ಬರುತ್ತದೋ ಇಲ್ಲವೋ ಎಂದು ಅಂದಾಜು ಮಾಡುವ ದಾರಿ 1978ರಿಂದ ಇದೆ. ಅದಾದ ಮೇಲೆ ತೋಡಿದ ಯಾವ ಗಣಿಯ ಬಗ್ಗೆಯೂ ‘ನಮಗೆ ತಿಳಿದಿರಲಿಲ್ಲ’ ಎಂಬ ಮಾತನ್ನು ನಾನು ಒಪ್ಪಲಾರೆ.

ಆದರೂ ಪ್ರತಿ ದೇಶವೂ ತನ್ನ ಪಾಠವನ್ನು ತಾನೇ ದುಡ್ಡು ತೆತ್ತು ಕಲಿಯಿತು. ಆಸ್ಟ್ರೇಲಿಯಾದ ರಮ್ ಜಂಗಲ್ ಯುರೇನಿಯಂ ಗಣಿ 1971ರಲ್ಲಿ ಮುಚ್ಚಿತು; ಫಿನಿಸ್ ನದಿಯ ಪೂರ್ವ ಕವಲು ಹಾಳಾಗಿತ್ತು. ಅಲ್ಲಿನ ವಿಜ್ಞಾನಿಗಳು ತ್ಯಾಜ್ಯ ಕಲ್ಲಿನ ರಾಶಿಗೆ ರಂಧ್ರ ಕೊರೆದು ಒಳಗಿನ ಬಿಸಿ ಅಳೆದರು, ಆಮ್ಲಜನಕ ಎಷ್ಟು ಆಳಕ್ಕೆ ಹೋಗುತ್ತದೆಂದು ಕಂಡುಕೊಂಡರು. 1982ರಿಂದ 1986ರವರೆಗೆ ರಾಶಿಗಳ ಮೇಲೆ ಮಣ್ಣಿನ ಹೊದಿಕೆ ಹಾಸಿದರು. ಆ ಹೊದಿಕೆಯೂ ಕಾಲಕ್ರಮೇಣ ಸಡಿಲವಾಗಿ, ಪುನಶ್ಚೇತನವನ್ನು ಮತ್ತೆ ಮೊದಲಿನಿಂದ ಯೋಜಿಸಬೇಕಾಯಿತು.

ಹಂಚಿಕೊಳ್ಳುವ ಕೆಲಸಕ್ಕೆ ಚಾಲನೆ ಸಿಕ್ಕಿದ್ದು ಹಣದ ಲೆಕ್ಕ ಕಣ್ಣಿಗೆ ಬಿದ್ದಾಗ. ಕೆನಡಾದಲ್ಲಿ ಗಣಿಗಳ ಆಮ್ಲ ತೊಳೆಯುವ ಹೊಣೆ 200 ಕೋಟಿಯಿಂದ 500 ಕೋಟಿ ಡಾಲರ್ ಎಂದು ಅಂದಾಜಾಗಿತ್ತು. 1989ರಲ್ಲಿ ಗಣಿ ಉದ್ಯಮ, ಕೇಂದ್ರ ಸರ್ಕಾರ ಮತ್ತು ಪ್ರಾಂತ್ಯಗಳು ಸೇರಿ ‘ಮೆಂಡ್’ ಎಂಬ ಸಂಶೋಧನಾ ಕಾರ್ಯಕ್ರಮ ಆರಂಭಿಸಿದವು. ಗಣಿಕೆಸರನ್ನು ಮೊದಲಿನಿಂದಲೇ ನೀರಿನಡಿ ಮುಳುಗಿಸಿಟ್ಟರೆ ಆಮ್ಲಜನಕ ತಲುಪದೆ ಆಮ್ಲ ಹುಟ್ಟದು ಎಂಬುದನ್ನು ಗಟ್ಟಿ ಮಾಡಿದ್ದು ಈ ಸಂಶೋಧನೆ. 1998ರಲ್ಲಿ ಜಗತ್ತಿನ ದೊಡ್ಡ ಗಣಿ ಕಂಪನಿಗಳು ಇದೇ ಆಮ್ಲವನ್ನು ತಡೆಯಲು ‘ಇನ್ಯಾಪ್’ ಹೆಸರಿನ ಅಂತರರಾಷ್ಟ್ರೀಯ ಜಾಲ ಕಟ್ಟಿಕೊಂಡವು. ಕೆನಡಾ, ಅಮೆರಿಕ, ಆಸ್ಟ್ರೇಲಿಯಾ, ಯುರೋಪು, ದಕ್ಷಿಣ ಆಫ್ರಿಕಾದ ಸಂಶೋಧನಾ ಬಳಗಗಳು ಅದರ ಜೊತೆಗೂಡಿದವು. 2009ರಲ್ಲಿ ಸ್ವೀಡನ್ನಿನ ಶೆಲೆಫ್ಟಿಯೊದಲ್ಲಿ ನಡೆದ ಗಣಿ ಆಮ್ಲದ ಸಮ್ಮೇಳನದ ಹೊತ್ತಿಗೆ ಎಲ್ಲರ ಅನುಭವ ಕೂಡಿಸಿದ ‘ಗಾರ್ಡ್ ಗೈಡ್’ ಹೊರಬಂತು. ಯಾರು ಬೇಕಾದರೂ ದುಡ್ಡು ಕೊಡದೆ ಓದಬಹುದಾದ ಕೈಪಿಡಿ. ಒಬ್ಬರಿಗೊಬ್ಬರು ಪ್ರತಿಸ್ಪರ್ಧಿಗಳಾದ ಕಂಪನಿಗಳು ಹೀಗೆ ಕಲಿತದ್ದನ್ನು ಬಯಲಿಗಿಟ್ಟದ್ದು ಸಣ್ಣ ಸಂಗತಿಯಲ್ಲ, ನಾನು ಅದನ್ನು ಮನಸಾರೆ ಮೆಚ್ಚುತ್ತೇನೆ.

ಆದರೆ ಆ ಜಾಲದ ಮೇಜಿನ ಸುತ್ತ ಕೂತವರು ಅಗೆಯುವವರು ಮತ್ತು ಅವರಿಗೆ ಸಲಹೆ ಕೊಡುವವರು. ಹೊಳೆಯ ಕೆಳಗಿರುವವರ ಹೆಸರನ್ನು ಹುಡುಕಿದೆ, ಸದಸ್ಯರಾಗಿ ಅವರಿಲ್ಲ. ಜೈಂತಿಯಾ ಬೆಟ್ಟದಲ್ಲಿ ಕಲ್ಲಿದ್ದಲು ತೆಗೆದದ್ದು ಯಾವುದೋ ಒಂದು ದೊಡ್ಡ ಕಂಪನಿಯಲ್ಲ, ತಮ್ಮ ತಮ್ಮ ನೆಲದಲ್ಲಿ ಬಿಲ ಕೊರೆಸಿದ ಅಸಂಖ್ಯ ಸಣ್ಣ ಒಡೆಯರು. ಕಂಪನಿಗಳ ಜಾಲ ಎಷ್ಟೇ ಒಳ್ಳೆಯದಿದ್ದರೂ ಅಂಥಲ್ಲಿಗೆ ಅದು ತಲುಪಲು ದಾರಿಯೇ ಇಲ್ಲ.

ಹಾಗಾದರೆ ದೇಶ ದೇಶಗಳ ಒಪ್ಪಂದಗಳು? ಇದಕ್ಕೆ ಟುಲ್ಸೆಕ್ವಾ ಚೀಫ್ ಗಣಿಯ ಕಡತ ನೋಡಬೇಕು. ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿರುವ ಈ ಗಣಿ ಕೆಲಸ ಮಾಡಿದ್ದು 1951ರಿಂದ 1957ರವರೆಗೆ ಮಾತ್ರ. ಅದರ ಆಮ್ಲ ಟುಲ್ಸೆಕ್ವಾ ನದಿಗಿಳಿದು, ಅಲ್ಲಿಂದ ಸಾಲ್ಮನ್ ಮೀನಿನ ಟಾಕು ನದಿ ಸೇರುತ್ತದೆ. ಟಾಕು ಗಡಿ ದಾಟಿ ಅಮೆರಿಕದ ಅಲಾಸ್ಕಾಕ್ಕೆ ಹೋಗುತ್ತದೆ. ಒಂದು ದೇಶದ ಮಾಲಿನ್ಯ ಇನ್ನೊಂದು ದೇಶದ ಆರೋಗ್ಯಕ್ಕೂ ಆಸ್ತಿಗೂ ಹಾನಿ ಮಾಡಬಾರದು ಎಂದು 1909ರ ಗಡಿನೀರು ಒಪ್ಪಂದದ ನಾಲ್ಕನೇ ವಿಧಿ ಹೇಳುತ್ತದೆ. ಗಣಿ ಹುಟ್ಟುವ ನಾಲ್ಕು ದಶಕಗಳ ಮೊದಲೇ ನಿಯಮವಿತ್ತು. ಆದರೂ ಒಡೆತನ ಕೈಬದಲಾಯಿತು, ಒಬ್ಬರ ಹಿಂದೆ ಒಬ್ಬರು ದಿವಾಳಿಯಾದರು, ನೀರು ಶುದ್ಧಿ ಮಾಡಲು ಕಟ್ಟಿದ ಘಟಕ ಹೆಚ್ಚು ದಿನ ನಡೆಯದೆ 2012ರಲ್ಲಿ ನಿಂತಿತು. ಎರಡೂ ಸರ್ಕಾರಗಳು ಒಪ್ಪಿ ಕೇಳಿಕೊಳ್ಳದ ಹೊರತು ಆ ಒಪ್ಪಂದದಡಿ ರಚನೆಯಾದ ಜಂಟಿ ಆಯೋಗ ಇಂಥದಕ್ಕೆ ಕೈಹಾಕುವ ವಾಡಿಕೆಯಿಲ್ಲ. ಗಣಿ ನಡೆದದ್ದು ಕೆಲವೇ ವರ್ಷ, ಆಮ್ಲ ಇಳಿದದ್ದು ಆರು ದಶಕಕ್ಕೂ ಹೆಚ್ಚು.

ನಮ್ಮಲ್ಲಿ ಅಂಥ ವಿಧಿಯ ಬಲವೂ ಇಲ್ಲ. ಜೈಂತಿಯಾ ಬೆಟ್ಟದ ಲೂಖಾ ನದಿ ಚಳಿಗಾಲದಲ್ಲಿ ಕಡುನೀಲಿಯಾಗುತ್ತದೆ. ಗಣಿಯ ಆಮ್ಲವೇ ಕಾರಣವೋ, ಸಿಮೆಂಟ್ ಕಾರ್ಖಾನೆಗಳ ಪಾಲೂ ಇದೆಯೋ ಎಂಬ ವಾದ ನಡೆದಿದೆ. ಆ ನದಿ ಮುಂದೆ ಬಾಂಗ್ಲಾದೇಶಕ್ಕೆ ಇಳಿಯುತ್ತದೆ. ಭಾರತ ಬಾಂಗ್ಲಾದೇಶಗಳ ಜಂಟಿ ನದಿ ಆಯೋಗ 1972ರಿಂದ ಇದೆ, 1996ರಲ್ಲಿ ಗಂಗಾ ಒಪ್ಪಂದವೂ ಆಯಿತು. ಆ ಒಪ್ಪಂದ ಮಾತಾಡುವುದು ಫರಕ್ಕಾದಲ್ಲಿ ಯಾರಿಗೆ ಎಷ್ಟು ನೀರು ಎಂಬುದರ ಬಗ್ಗೆ; ನೀರು ಎಷ್ಟು ಹುಳಿ ಎಂಬುದರ ಬಗ್ಗೆ ಅಲ್ಲ.

2019ರ ಜುಲೈನಲ್ಲಿ ಸುಪ್ರೀಂ ಕೋರ್ಟ್, ಕಾನೂನಿನ ಪ್ರಕಾರ ಅನುಮತಿ ಪಡೆದು ಮೇಘಾಲಯದಲ್ಲಿ ಕಲ್ಲಿದ್ದಲು ತೆಗೆಯಬಹುದು ಎಂದಿತು. ಅನುಮತಿಯ ಕಾಗದಕ್ಕೆ ಸಹಿ ಬೀಳುವ ಮೊದಲು 1978ರಿಂದ ಜಗತ್ತಿಗೆ ಗೊತ್ತಿರುವ ಆ ಕಲ್ಲಿನ ಪರೀಕ್ಷೆ ಆಗಲಿ. ಅದರ ಫಲಿತಾಂಶ ಕೋಪಿಲಿಯ ಕೆಳದಂಡೆಯ ಊರುಗಳಿಗೆ ಅವರ ಭಾಷೆಯಲ್ಲಿ ತಲುಪಲಿ. ಲೂಖಾ ನೀರನ್ನು ಗಡಿಯ ಎರಡೂ ಬದಿಯವರು ಒಟ್ಟಿಗೆ ನಿಂತು ಅಳೆಯಲಿ, ಆ ಅಂಕಿಗಳು ಜಂಟಿ ನದಿ ಆಯೋಗದ ಮುಂದೆ ಬರಲಿ. ಇದಕ್ಕೆ ಹೊಸ ವಿಜ್ಞಾನ ಬೇಕಿಲ್ಲ. ಗಣಿಗೆ ಅನುಮತಿ ಕೇಳುವ ಅರ್ಜಿ ನಿಮ್ಮ ತಾಲ್ಲೂಕಿನಲ್ಲಿ ಸಾರ್ವಜನಿಕ ಅಹವಾಲಿಗೆ ಬಂದರೆ, ಆ ಕಲ್ಲಿನಲ್ಲಿ ಗಂಧಕ ಎಷ್ಟು, ಸುಣ್ಣ ಎಷ್ಟು ಎಂದು ಎದ್ದು ನಿಂತು ಕೇಳಿ; ಉತ್ತರವನ್ನು ಬರಹದಲ್ಲೇ ಪಡೆಯಿರಿ.