ಇಂಪೀಡೆನ್ಸಿನ ಹೊಂದಾಣಿಕೆ: ಒಂದು ಸೂತ್ರದ ಚರಿತ್ರೆ

ಮನೆಯಲ್ಲಿ ಸಂಗೀತವನ್ನು ಕೇಳುವುದಕ್ಕಾಗಿ ಹೈ-ಫೈ ಯಂತ್ರಗಳನ್ನು ಜೋಡಿಸುವವರಲ್ಲಿ, ಕೊಡುವ ಯಂತ್ರದ ಇಂಪೀಡೆನ್ಸೂ ಪಡೆಯುವ ಯಂತ್ರದ ಇಂಪೀಡೆನ್ಸೂ ಸಮವಾಗಿರಬೇಕೆಂಬ ಸೂತ್ರವೊಂದು ಬಹುಕಾಲದಿಂದ ಬಳಕೆಯಲ್ಲಿದೆ. ಪರ್ಯಾಯ ವಿದ್ಯುತ್ಪ್ರವಾಹಕ್ಕೆ ಮಂಡಲವು ಒಡ್ಡುವ ಒಟ್ಟು ತಡೆಯೇ ಇಂಪೀಡೆನ್ಸು. 1886ರಲ್ಲಿ ಈ ಹೆಸರನ್ನಿಟ್ಟವನು ಆಲಿವರ್ ಹೆವಿಸೈಡ್. ಸೂತ್ರವಾದರೋ ಹೆಸರಿಗಿಂತ ಹಳೆಯದು. ಅದು ಎಲ್ಲಿ ಹುಟ್ಟಿತು, ಎಲ್ಲಿ ಸಲ್ಲುತ್ತದೆ ಎಂಬುದನ್ನು ಇಲ್ಲಿ ವಿಚಾರಿಸಬಹುದು.

ಹೊರಗಣ ರೋಧವು ಬ್ಯಾಟರಿಯ ಒಳರೋಧಕ್ಕೆ ಸಮವಾದಾಗ ಹೊರಗೆ ದೊರೆಯುವ ಶಕ್ತಿ ಪರಮಾವಧಿಯನ್ನು ಮುಟ್ಟುವುದೆಂಬ ನಿಯಮಕ್ಕೆ 19ನೆಯ ಶತಮಾನದ ಮೋರಿಟ್ಸ್ ಯಾಕೋಬಿಯ ಹೆಸರು ಅಂಟಿಕೊಂಡಿದೆ. ಆದರೆ ಆಗ ಅರ್ಧದಷ್ಟು ಶಕ್ತಿ ಬ್ಯಾಟರಿಯೊಳಗೇ ಶಾಖವಾಗಿ ವ್ಯಯವಾಗುತ್ತದೆ. ಇದಕ್ಕಿಂತ ಹೆಚ್ಚಿನ ದಕ್ಷತೆ ಅಸಾಧ್ಯವೆಂದು ಹಲವರು ಭ್ರಮಿಸಿದ್ದರು. 1880ರ ಸುಮಾರಿಗೆ ಎಡಿಸನ್ನನೂ ಅವನ ಸಹಾಯಕನಾದ ಅಪ್ಟನ್ನನೂ ಒಳರೋಧವು ಅತ್ಯಲ್ಪವಾದ ಡೈನಮೋವನ್ನು ನಿರ್ಮಿಸಿ ಆ ಭ್ರಮೆಯನ್ನು ಕಳೆದರು.

ಸಮತ್ವಕ್ಕೆ ನಿಜವಾದ ನೆಲೆ ದೊರೆತುದು ದೂರವಾಣಿಯಲ್ಲಿ. ಅನೇಕ ಮೈಲಿಗಳ ತಂತಿಯ ಕೊನೆಯಲ್ಲಿ ಇಂಪೀಡೆನ್ಸು ಬೇರೆಯಾದರೆ ಧ್ವನಿತರಂಗವು ಹಿಂದಿರುಗಿ ಪ್ರತಿಧ್ವನಿಯಾಗುತ್ತದೆ. ಅಲ್ಲಿ ರೂಢಿಯಾದ 600 ಓಮ್ ಎಂಬ ಮಾನವೇ ರೇಡಿಯೋ ನಿಲಯಗಳಿಗೂ ಬಂದಿತು.

ವಾಲ್ವಿನ ಆಂಪ್ಲಿಫೈಯರುಗಳಲ್ಲಿ ‘ಹೊಂದಾಣಿಕೆ’ಯ ಅರ್ಥವು ಬದಲಾಯಿತು. 1925ರಲ್ಲಿ ರೈಸ್ ಮತ್ತು ಕೆಲ್ಲಾಗ್ ಪ್ರಕಟಿಸಿದ ಮಾದರಿಯಿಂದ ಬೆಳೆದ ಲೌಡ್‌ಸ್ಪೀಕರುಗಳ ಇಂಪೀಡೆನ್ಸು ಸಾಮಾನ್ಯವಾಗಿ ಕೆಲವೇ ಓಮ್; ವಾಲ್ವಿಗೆ ಬೇಕಾದ ಭಾರವಾದರೋ ಸಾವಿರಾರು ಓಮ್. ಆದುದರಿಂದ ನಡುವೆ ಟ್ರಾನ್ಸ್‌ಫಾರ್ಮರು ಅವಶ್ಯವಾಯಿತು. ಸುತ್ತುಗಳ ಪ್ರಮಾಣ 25ಕ್ಕೆ 1 ಆದರೆ 8 ಓಮಿನ ಸ್ಪೀಕರು ವಾಲ್ವಿಗೆ 5000 ಓಮಿನಂತೆ ತೋರುವುದು. ಆದರೆ ಟ್ರಯೋಡಿಗೆ ವಿಕೃತಿ ಕಡಮೆಯಾಗಲೆಂದು ಅದರ ಒಳರೋಧದ ಸುಮಾರು ಇಮ್ಮಡಿ ಭಾರವನ್ನು ಕೊಡುತ್ತಿದ್ದರು. ಇಲ್ಲಿ ಹೊಂದಾಣಿಕೆಯೆಂದರೆ ಯೋಗ್ಯವಾದ ಭಾರವೇ ಹೊರತು ಸಮತ್ವವಲ್ಲ. 1927ರಲ್ಲಿ ಹೆರಾಲ್ಡ್ ಬ್ಲ್ಯಾಕ್ ಕಂಡುಹಿಡಿದ ಋಣ ಪ್ರತ್ಯಾದಾನವನ್ನು 1947ರ ವಿಲಿಯಮ್‌ಸನ್ನನ ಆಂಪ್ಲಿಫೈಯರು ಸಮರ್ಥವಾಗಿ ಬಳಸಿ, ಹೊರದ್ವಾರದ ಇಂಪೀಡೆನ್ಸನ್ನು ಬಹಳವಾಗಿ ತಗ್ಗಿಸಿತು.

ಇಂದಿನ ಟ್ರಾನ್ಸಿಸ್ಟರು ಆಂಪ್ಲಿಫೈಯರುಗಳಲ್ಲಿ ಅದು ಸಾಮಾನ್ಯವಾಗಿ ಓಮಿನ ಒಂದಂಶ ಮಾತ್ರ. ಸ್ಪೀಕರಿನ ಇಂಪೀಡೆನ್ಸು ಸ್ವರದಿಂದ ಸ್ವರಕ್ಕೆ ಏರಿಳಿಯುವುದರಿಂದ, ಅದಕ್ಕೆ ಸಮನಾದ ರೋಧವನ್ನು ಸಾಲಿನಲ್ಲಿ ಸೇರಿಸಿದರೆ ಶಕ್ತಿ ನಷ್ಟವಾಗುವುದಲ್ಲದೆ ಸ್ವರಗಳ ಸಮತೋಲವೂ ಕೆಡುವುದು. ಯಂತ್ರಯಂತ್ರಗಳ ನಡುವೆಯೂ ಪಡೆಯುವುದರ ಇಂಪೀಡೆನ್ಸು ಕೊಡುವುದರ ಹತ್ತರಷ್ಟಾದರೂ ಇರುವುದು ಲೇಸು. ಪ್ರತಿಧ್ವನಿಯ ಭಯವೂ ಇಲ್ಲ: ಸೆಕೆಂಡಿಗೆ 20,000 ಕಂಪನಗಳ ಸ್ವರಕ್ಕೂ ಕೇಬಲಿನಲ್ಲಿ ತರಂಗದ ಉದ್ದ ಸುಮಾರು 10 ಕಿಲೋಮೀಟರು. ಅತಿವೇಗದ ಕಂಪನಗಳನ್ನೊಯ್ಯುವ 75 ಓಮಿನ ಡಿಜಿಟಲ್ ಕೇಬಲಿಗೆ ಮಾತ್ರ ಹಳೆಯ ಸಮತ್ವವು ಇಂದಿಗೂ ಅಗತ್ಯ.

ಹೀಗೆ ಸೂತ್ರವು ಸುಳ್ಳಲ್ಲ. ಉದ್ದವಾದ ತಂತಿಯ ಧರ್ಮವನ್ನು ಗಿಡ್ಡ ತಂತಿಗೆ ಆರೋಪಿಸಿದುದೇ ಪ್ರಮಾದ.